ಬಚ್ಚಲುಮನೆಯ ಪಾಠಕ್ಕೆ ಮೊಬೈಲು

ಹತ್ತು ವರ್ಷ ಶಾಲೆಗೆ ಹೋಗಿ ಬಂದ ಹುಡುಗನಿಗೆ ಅಂಗಿಯ ಗುಂಡಿ ಹಾಕಲು ಇನ್ನೂ ಅವ್ವನೇ ಬೇಕು. ಬಣ್ಣಗಳ ಹೆಸರು ಹೇಳುತ್ತಾನೆ, ನೂರರವರೆಗೆ ಎಣಿಸುತ್ತಾನೆ. ಆದರೆ ಅಂಗಡಿಗೆ ಹೋಗಿ ಇಪ್ಪತ್ತು ರೂಪಾಯಿ ಕೊಟ್ಟು ಸೋಪು ತಂದು ಉಳಿದ ಚಿಲ್ಲರೆ ಕೇಳಿ ಪಡೆಯಲಾರ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಹಲ್ಲುಜ್ಜುವುದು, ಮೈ ತೊಳೆದುಕೊಳ್ಳುವುದು, ಕಕ್ಕಸಿಗೆ ಹೋಗಿ ಬಂದು ಕೈ ತೊಳೆಯುವುದು, ಲಾಡಿ ಕಟ್ಟುವುದು, ಅನ್ನ ಕಲೆಸಿ ಉಣ್ಣುವುದು: ಇವನ್ನೆಲ್ಲ ಬೇರೆ ಮಕ್ಕಳು ಮನೆಯವರನ್ನು ನೋಡುನೋಡುತ್ತಲೇ ಕಲಿತುಬಿಡುತ್ತಾರೆ. ಹಾಗಾಗಿ ಯಾವ ಪಠ್ಯಪುಸ್ತಕದಲ್ಲೂ ಇವುಗಳಿಗೆ ಜಾಗವಿಲ್ಲ. ಒಮ್ಮೆ ನೋಡಿದರೆ ಸಾಲದ ಮಕ್ಕಳಿಗೆ ಶಾಲೆ ಅಕ್ಷರ ಕಲಿಸುತ್ತದೆ, ಮನೆ ಮುದ್ದಿನಿಂದಲೋ ಅವಸರದಿಂದಲೋ ಎಲ್ಲವನ್ನೂ ತಾನೇ ಮಾಡಿಕೊಡುತ್ತದೆ. ನಡುವೆ ಮಗು ದೊಡ್ಡದಾಗುತ್ತದೆ, ಅವ್ವನಿಗೆ ವಯಸ್ಸಾಗುತ್ತದೆ.

ಈ ಕಂದರವನ್ನು ತಂತ್ರಜ್ಞಾನ ತುಂಬಬಲ್ಲದು ಎಂಬ ಮಾತು ಕಳೆದ ಎರಡು ದಶಕಗಳಿಂದ ಬಲವಾಗಿ ಕೇಳಿಬರುತ್ತಿದೆ. ವಿಡಿಯೊ ಪಾಠ, ಟ್ಯಾಬ್ಲೆಟ್, ಚಿತ್ರ ಒತ್ತಿದರೆ ಮಾತಾಡುವ ಆ್ಯಪ್, ನೆನಪಿಸುವ ಕೈಗಡಿಯಾರ ಎಲ್ಲವೂ ಬಂದಿವೆ. ಇವುಗಳಲ್ಲಿ ನಿಜವಾಗಿ ಫಲ ಕೊಟ್ಟಿದ್ದು ಯಾವುದು? ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರಿನ ಒಂದು ಮನೆಗೆ ಅದರಲ್ಲಿ ಎಷ್ಟು ತಲುಪೀತು? ಪ್ರಶ್ನೆ ಸಣ್ಣದಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅಂಗವೈಕಲ್ಯಗಳ ಆಗಿನ ಪಟ್ಟಿಯೂ ಚಿಕ್ಕದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21 ಬಗೆಗೆ ಹಿಗ್ಗಿಸಿತು, ಆಟಿಸಂ ಮತ್ತು ಕಲಿಕಾ ನ್ಯೂನತೆಗಳನ್ನೂ ಸೇರಿಸಿತು. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು.

ಒಂದು ಕೆಲಸದೊಳಗೆ ಎಷ್ಟು ಕೆಲಸ

ತಂತ್ರಜ್ಞಾನದ ಮಾತಿಗೆ ಮುನ್ನ ಕಲಿಸುವ ಕ್ರಮದ ಮಾತು ಬರಬೇಕು. ಹಲ್ಲುಜ್ಜುವುದು ನಮಗೆ ಒಂದೇ ಕೆಲಸ. ಕಲಿಯುವ ಮಗುವಿಗೆ ಅದು ಹತ್ತು ಹನ್ನೆರಡು ಕೆಲಸ: ಬ್ರಷ್ ಹುಡುಕಬೇಕು, ಪೇಸ್ಟಿನ ಮುಚ್ಚಳ ತೆಗೆಯಬೇಕು, ಹಿತಮಿತವಾಗಿ ಒತ್ತಬೇಕು, ಎಡಗಡೆ, ಬಲಗಡೆ, ಒಳಗಡೆ ಉಜ್ಜಬೇಕು, ಉಗುಳಬೇಕು, ನುಂಗಬಾರದು, ಬಾಯಿ ಮುಕ್ಕಳಿಸಬೇಕು, ಬ್ರಷ್ ತೊಳೆದು ಮತ್ತೆ ಅದೇ ಜಾಗದಲ್ಲಿ ಇಡಬೇಕು. ಹೀಗೆ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ, ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಗುರುತಿಸಿ, ಅಲ್ಲಿಂದ ಮುಂದಕ್ಕೆ ಹೇಳಿಕೊಡುವುದು ವಿಶೇಷ ಶಿಕ್ಷಣದ ಮೂಲಪಾಠ.

ಇದಕ್ಕೆ ನಮ್ಮ ದೇಶದಲ್ಲೇ ತಯಾರಾದ ಸಾಧನಗಳಿವೆ. ಚೆನ್ನೈನ ವಿಜಯ ಹ್ಯೂಮನ್ ಸರ್ವಿಸಸ್‌ನಲ್ಲಿ ಪಿ. ಜಯಚಂದ್ರನ್ ಮತ್ತು ವಿ. ವಿಮಲಾ ರೂಪಿಸಿದ ಎಂಡಿಪಿಎಸ್ ಎಂಬ ಕೌಶಲಗಳ ಪಟ್ಟಿಯಲ್ಲಿ 18 ವಿಭಾಗಗಳಿವೆ, ವಿಭಾಗಕ್ಕೆ 20ರಂತೆ ಒಟ್ಟು 360 ಅಂಶಗಳು. ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚ, ದುಡ್ಡು, ಕಾಲದ ಅರಿವು ಎಲ್ಲವೂ ಅದರಲ್ಲಿ ಸುಲಭದಿಂದ ಕಷ್ಟದ ಕಡೆಗೆ ಸಾಲಾಗಿ ನಿಂತಿವೆ. 1984ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ, ಈಗಿನ ಹೆಸರಿನಲ್ಲಿ ಎನ್‌ಐಇಪಿಐಡಿ, ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳಿಗೆಂದೇ ತನ್ನದೂ ಒಂದು ಪಟ್ಟಿಯನ್ನು ಮಾಡಿಕೊಂಡಿದೆ. ವಿಶೇಷ ಶಿಕ್ಷಕರ ತರಬೇತಿಯಲ್ಲಿ ಇವು ಬಳಕೆಯಲ್ಲಿವೆ.

ಕ್ರಮದಲ್ಲಿ ಇನ್ನೊಂದು ಜಾಣತನವಿದೆ: ಕೊನೆಯಿಂದ ಕಲಿಸುವುದು. ಅಂಗಿಯ ಗುಂಡಿಯನ್ನು ಕಾಜಿನೊಳಗೆ ಅರ್ಧ ತೂರಿಸುವವರೆಗೆ ಎಲ್ಲವನ್ನೂ ನಾವೇ ಮಾಡಿ, ಆಚೆ ಎಳೆಯುವ ಕೊನೆಯ ಕೆಲಸವನ್ನು ಮಗುವಿಗೆ ಬಿಡುವುದು. ಅದು ಬಂದಮೇಲೆ ಅದರ ಹಿಂದಿನದು, ಆಮೇಲೆ ಅದಕ್ಕೂ ಹಿಂದಿನದು. ಮೊದಲ ದಿನದಿಂದಲೇ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಈ ವಿಂಗಡಣೆ ಇಲ್ಲದೆ ಕೈಗೆ ಕೊಟ್ಟ ಟ್ಯಾಬ್ಲೆಟ್ ಕಾರ್ಟೂನು ನೋಡುವ ಹಲಗೆಯಾಗಿ ಉಳಿಯುತ್ತದೆ.

ಸಂಶೋಧನೆ ಎಲ್ಲಿಯವರೆಗೆ ಬಂದಿದೆ

ಇಷ್ಟೆಲ್ಲ ಸಾಧನಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ವಿಡಿಯೊ. ಅದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಇಡೀ ಕೆಲಸವನ್ನು ಯಾರೋ ಮಾಡಿ ತೋರಿಸುತ್ತಾರೆ, ಮಗು ಪೂರ್ತಿ ನೋಡಿ ಆಮೇಲೆ ತಾನು ಮಾಡುತ್ತದೆ. ಎರಡನೆಯದರಲ್ಲಿ ಒಂದೊಂದು ಮೆಟ್ಟಿಲಿಗೂ ಒಂದೊಂದು ತುಣುಕು: ನೋಡು, ನಿಲ್ಲಿಸು, ಮಾಡು, ಮುಂದಿನದನ್ನು ನೋಡು. ಹೆಚ್ಚು ಹೊತ್ತು ನೆನಪಿಟ್ಟುಕೊಳ್ಳಲಾಗದ ಮಕ್ಕಳಿಗೆ ಎರಡನೆಯದೇ ಹಿತ.

2002ರಲ್ಲಿ ಅಮೆರಿಕದ ಸಂಶೋಧಕರು ಆಟಿಸಂ ಇರುವ ಮೂವರು ಮಕ್ಕಳಿಗೆ ಕಿತ್ತಳೆ ರಸ ಮಾಡುವುದು, ಪತ್ರವನ್ನು ಅಂಚೆಗೆ ಸಿದ್ಧಪಡಿಸುವುದು, ಮೀನಿನ ಬೋಗುಣಿ ತೊಳೆಯುವುದು, ಊಟದ ಮೇಜು ಸಜ್ಜುಗೊಳಿಸುವುದು ಮುಂತಾದವನ್ನು ವಿಡಿಯೊ ಮೂಲಕ ಕಲಿಸಿದರು. ವಿಡಿಯೊದಲ್ಲಿ ಕಾಣುತ್ತಿದ್ದುದು ಕೆಲಸ ಮಾಡುವವರ ಕೈಗಳು, ಅದೂ ಮಾಡುವವರ ಕಣ್ಣಿಗೆ ಕಾಣುವ ಕೋನದಿಂದ. ಎದುರು ನಿಂತು ತೋರಿಸಿದರೆ ಎಡ ಬಲ ಅದಲುಬದಲಾಗುತ್ತದೆ; ಈ ಕೋನದಲ್ಲಿ ಆ ಗೊಂದಲವಿಲ್ಲ. 2005ರ ಇನ್ನೊಂದು ಅಧ್ಯಯನದಲ್ಲಿ ಬೆಳವಣಿಗೆಯ ಅಂಗವೈಕಲ್ಯವುಳ್ಳ ಮೂವರು ವಯಸ್ಕರಿಗೆ ಮೈಕ್ರೊವೇವ್ ಒಲೆ ಬಳಸುವುದನ್ನು ಕಂಪ್ಯೂಟರಿನ ವಿಡಿಯೊ ತುಣುಕುಗಳಿಂದ ಕಲಿಸಲಾಯಿತು. 2007ರಲ್ಲಿ ಬೆಲ್ಲಿನಿ ಮತ್ತು ಅಕುಲಿಯನ್ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ವಿಡಿಯೊ ಪಾಠ ಆಟಿಸಂ ಇರುವ ಮಕ್ಕಳಲ್ಲಿ ಫಲ ಕೊಡುತ್ತದೆ, ಕಲಿತದ್ದು ಉಳಿಯುತ್ತದೆ ಎಂದರು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದು ಆಟಿಸಂಗೆ ಸಾಕ್ಷ್ಯಾಧಾರವುಳ್ಳ 28 ವಿಧಾನಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ವಿಡಿಯೊ ಪಾಠವೂ ಇತ್ತು. ಅದರ ಜೊತೆಯಲ್ಲೇ ಕೆಲಸದ ವಿಂಗಡಣೆ, ಚಿತ್ರಗಳ ನೆರವು, ಹಂತಹಂತವಾಗಿ ಸುಳಿವು ಕೊಡುವುದು ಕೂಡ ಇದ್ದವು. ಕಾಗದದ ಮೇಲಿನ ಚಿತ್ರಸರಣಿಗೂ ಪರದೆಯ ಮೇಲಿನ ವಿಡಿಯೊಗೂ ಒಂದೇ ಪಟ್ಟಿಯಲ್ಲಿ ಜಾಗ ಸಿಕ್ಕಿದೆ ಎಂಬುದನ್ನು ಮಾರಾಟಗಾರರ ಮಾತು ಕೇಳುವ ಮುನ್ನ ನೆನಪಿಡಬೇಕು.

ಮಿತಿಗಳೂ ಇವೆ. ಈ ಅಧ್ಯಯನಗಳಲ್ಲಿ ಬಹುಪಾಲು ಇಬ್ಬರು ಮೂವರ ಮೇಲೆ, ನುರಿತ ತರಬೇತುದಾರರ ಕಣ್ಣೆದುರು ನಡೆದವು. ಒಬ್ಬ ಶಿಕ್ಷಕಿಯ ಕೈಯಲ್ಲಿ ಹಲವು ಮಕ್ಕಳಿರುವ ಕಡೆ ಅದೇ ಫಲ ಬರುತ್ತದೆಂದು ಇದರಿಂದ ಹೇಳಲಾಗದು. ಕಾಲ್ಪನಿಕ ಸೂಪರ್‌ಮಾರ್ಕೆಟ್, ಕಾಲ್ಪನಿಕ ರಸ್ತೆ ತೋರಿಸುವ ವರ್ಚುವಲ್ ರಿಯಾಲಿಟಿ ಕನ್ನಡಕಗಳ ಪ್ರಯೋಗಗಳೂ ನಡೆದಿವೆ. ಅವು ನಮ್ಮ ಹಳ್ಳಿಗಳಿಂದ ಸದ್ಯಕ್ಕೆ ದೂರ; ಜೊತೆಗೆ ಸಂತೆಗೆ ಮಗುವನ್ನು ಕೈಹಿಡಿದು ಕರೆದೊಯ್ಯಬಹುದಾದ ಕಡೆ ಕಾಲ್ಪನಿಕ ಸಂತೆಯ ತುರ್ತೂ ಇಲ್ಲ.

ಆ ಮನೆಯ ಬಚ್ಚಲು, ಆ ಮನೆಯ ಚೊಂಬು

ಮೀನಿನ ಬೋಗುಣಿ, ಊಟದ ಮೇಜು, ಮೈಕ್ರೊವೇವ್ ಒಲೆ. ಈ ಪಟ್ಟಿಯನ್ನು ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹರಿಹರ ತಾಲ್ಲೂಕಿನ ಒಂದು ಮನೆಗೆ ತಂದು ನೋಡಿ. ಇಲ್ಲಿನ ಮಗು ಕಲಿಯಬೇಕಾದ್ದು ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಕೈಯಿಂದ ಹದ ನೋಡುವುದು, ಬಕೆಟ್ಟಿನಿಂದ ಚೊಂಬಿನಲ್ಲಿ ತೆಗೆದು ಮೈಮೇಲೆ ಹಾಕಿಕೊಳ್ಳುವುದು, ಕುಕ್ಕರಗಾಲಿನಲ್ಲಿ ಕೂತು ಶೌಚ ಮಾಡಿ ಎಡಗೈಯಲ್ಲಿ ತೊಳೆದುಕೊಳ್ಳುವುದು, ನೆಲದ ಮೇಲೆ ಕೂತು ಬಲಗೈಯಲ್ಲಿ ಅನ್ನ ಸಾರು ಕಲೆಸಿ ಬೀಳಿಸದೆ ಉಣ್ಣುವುದು. ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಷವರಿನ ಸ್ನಾನ, ಕಮೋಡಿನ ಶೌಚ, ಚಮಚದ ಊಟ. ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊಂದಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಶಾಲೆಯ ತಿರುಗಿಸುವ ನಲ್ಲಿಯಲ್ಲಿ ಕೈ ತೊಳೆಯಲು ಕಲಿತವನು ಮನೆಯ ಎತ್ತುವ ನಲ್ಲಿಯ ಮುಂದೆ ಸುಮ್ಮನೆ ನಿಲ್ಲಬಹುದು.

ಆದ್ದರಿಂದ ಇಡೀ ವಿಷಯದ ತಿರುಳು ನನಗೆ ತೋರುವಂತೆ ಇಷ್ಟು: ಕಲಿಯಬೇಕಾದ ಕೆಲಸ ಆ ಮನೆಯದು, ಪಾಠವೂ ಆ ಮನೆಯಲ್ಲೇ ತಯಾರಾಗಬೇಕು. ಒಳ್ಳೆಯ ಸುದ್ದಿಯೆಂದರೆ ಅದಕ್ಕೆ ಬೇಕಾದ ಯಂತ್ರ ಎಷ್ಟೋ ಮನೆಗಳಲ್ಲಿ ಆಗಲೇ ಇದೆ. ಮನೆಯವರ ಸಾದಾ ಸ್ಮಾರ್ಟ್‌ಫೋನಿನಲ್ಲಿ, ಅದೇ ಬಚ್ಚಲಲ್ಲಿ, ಅದೇ ಬಕೆಟ್ಟು ಚೊಂಬು ಇಟ್ಟುಕೊಂಡು, ಅಕ್ಕನ ಕೈಗಳು ಕೆಲಸ ಮಾಡುತ್ತಿರುವಂತೆ ಮೆಟ್ಟಿಲಿಗೆ ಹತ್ತು ಹದಿನೈದು ಸೆಕೆಂಡಿನ ತುಣುಕುಗಳನ್ನು ತೆಗೆಯಬಹುದು. ಹಿನ್ನೆಲೆಯ ಸಂಗೀತ ಬೇಡ, ಅಕ್ಷರ ಬೇಡ, ಒಂದು ತುಣುಕಿಗೆ ಒಂದೇ ಮಾತು ಸಾಕು. ಆ ಮಾತು ಮನೆಮಾತಾಗಿರಬೇಕು. ಜಳಕ ಎನ್ನುವ ಮನೆಗೆ ಸ್ನಾನ ಎಂದರೆ ಮಗುವಿಗೆ ಹೊಳೆಯದೆ ಹೋಗಬಹುದು. ತಾಂಡಾದ ಮಗುವಿಗೆ ಲಂಬಾಣಿಯಲ್ಲಿ, ಉರ್ದು ಮನೆಯ ಮಗುವಿಗೆ ಉರ್ದುವಿನಲ್ಲಿ ಹೇಳಬೇಕು. ಅಚ್ಚಾದ ಯಾವ ಆ್ಯಪೂ ಮಾಡಲಾರದ ಈ ಕೆಲಸವನ್ನು ಮನೆಯ ಫೋನು ಖರ್ಚಿಲ್ಲದೆ ಮಾಡುತ್ತದೆ.

ಬಳಸುವಾಗ ಕೆಲವು ಎಚ್ಚರಗಳಿವೆ. ಲಿಂಕ್ ಕಳಿಸುವುದಕ್ಕಿಂತ ಫೈಲನ್ನೇ ಫೋನಿನಲ್ಲಿ ಇಡುವುದು ಮೇಲು. ಡೇಟಾ ಮುಗಿದರೂ ಪಾಠ ನಿಲ್ಲುವುದಿಲ್ಲ, ನಡುವೆ ಜಾಹೀರಾತು ಬಂದು ಮಗುವಿನ ಗಮನ ಕದಿಯುವುದಿಲ್ಲ. ಫೋನು ಬಿಸಾಡುವ, ಬಿಡದೆ ಹಿಡಿದುಕೊಳ್ಳುವ ಮಗುವಿಗೆ ಅದೇ ತುಣುಕುಗಳ ಚಿತ್ರಗಳನ್ನು ಅಚ್ಚುಹಾಕಿಸಿ ಗೋಡೆಗೆ ಅಂಟಿಸಿದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಮೆಟ್ಟಿಲುಗಳು ಕೈಗೆ ಹತ್ತಿದಂತೆ ತುಣುಕುಗಳನ್ನು ಒಂದೊಂದಾಗಿ ಕಳೆಯುತ್ತ ಹೋಗಬೇಕು. ಹಾಗೆ ಮಾಡದಿದ್ದರೆ ಅವ್ವನ ಮೇಲಿನ ಅವಲಂಬನೆ ಫೋನಿನ ಮೇಲಕ್ಕೆ ದಾಟುತ್ತದೆ, ಅಷ್ಟೇ.

ಫೋನಿನಾಚೆಯ ಸಾಧನಗಳು

ತಂತ್ರಜ್ಞಾನ ಎಂದೊಡನೆ ಪರದೆಯೇ ಕಣ್ಣಮುಂದೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ಜಾಗತಿಕ ವರದಿ, ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಯಾವುದಾದರೊಂದು ಸಹಾಯಕ ಸಾಧನ ಬೇಕು, ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ ಎಂದಿತು. ಆ ಲೆಕ್ಕದಲ್ಲಿ ಕನ್ನಡಕ, ಊರುಗೋಲು, ಗಾಲಿಕುರ್ಚಿಯೂ ಇವೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಎಷ್ಟೋ ಸಲ ಬುದ್ಧಿ ಚುರುಕಿದ್ದೂ ಬೆರಳು ಮಾತು ಕೇಳುವುದಿಲ್ಲ. ಅಂಥ ಮಗುವಿಗೆ ದಪ್ಪ ಹಿಡಿಯ ಚಮಚ, ಅಂಚು ಎತ್ತರವಿರುವ ತಟ್ಟೆ, ಗುಂಡಿಯ ಬದಲು ವೆಲ್ಕ್ರೊ, ಬಚ್ಚಲ ಗೋಡೆಗೆ ಒಂದು ಹಿಡಿಕಂಬಿ ಇದ್ದರೆ ಅರ್ಧ ದಿನದ ಪರಾವಲಂಬನೆ ತಪ್ಪುತ್ತದೆ. ಚಮಚದ ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿದರೂ ಕೆಲಸ ನಡೆಯುತ್ತದೆ.

ಮಾತು ಬಾರದ ಮಕ್ಕಳಿಗೆ ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್‌ಗಳು ಬಂದಿವೆ. ಚೆನ್ನೈನ ಅಜಿತ್ ನಾರಾಯಣನ್ ರೂಪಿಸಿದ ಅವಾಜ್, ಮುಂಬೈ ಐಐಟಿಯಲ್ಲಿ ತಯಾರಾದ ಜೆಲ್ಲೊ ಇವು ಭಾರತದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನೀರು ಬೇಕು, ಹೊಟ್ಟೆ ನೋಯುತ್ತಿದೆ, ಕಕ್ಕಸಿಗೆ ಹೋಗಬೇಕು ಎಂದು ಹೇಳಲಾದರೆ ಅದೇ ದಿನಚರಿಯ ದೊಡ್ಡ ಕೌಶಲ; ಬಟ್ಟೆ ಒದ್ದೆಯಾಗುವುದಕ್ಕೂ ಆಗದಿರುವುದಕ್ಕೂ ಎಷ್ಟೋ ಸಲ ಇಷ್ಟೇ ಅಂತರ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರ್ಯಾಯ ಸಂವಹನದಲ್ಲಿ ಪರಿಣತಿ ಉಳ್ಳದ್ದು.

ಅಂಧ ವಿದ್ಯಾರ್ಥಿಗಳ ವಿಷಯದಲ್ಲಿ ತಂತ್ರಜ್ಞಾನ ಹೆಚ್ಚು ಮುಂದಿದೆ. ದೆಹಲಿ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಂದ ಸ್ಮಾರ್ಟ್‌ಕೇನ್ ಎದೆಮಟ್ಟದ ಅಡೆತಡೆಗಳನ್ನು ಕಂಪನದಿಂದ ತಿಳಿಸುತ್ತದೆ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ಮಣಿ ಆ್ಯಪ್ ನೋಟು ಯಾವುದೆಂದು ಹೇಳುತ್ತದೆ. ಒಮ್ಮೆ ಹಾಕಿಕೊಂಡರೆ ಅಂತರ್ಜಾಲ ಬೇಡ. ಕನ್ನಡವನ್ನು ಓದಿ ಹೇಳುವ ಫೋನುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶವನ್ನೇ ಕಟ್ಟಿತು. ಕಿವುಡ ಮಕ್ಕಳಿಗಾಗಿ ಭಾರತೀಯ ಸನ್ನೆ ಭಾಷೆಯ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ಕ್ಕೆ 10,000 ಮುಟ್ಟಿತು. ಈ ಎರಡೂ ಗುಂಪಿನ ಮಕ್ಕಳು ಸಾಧನವನ್ನು ತಾವೇ ಆಯ್ದು ತಾವೇ ಬಳಸಬಲ್ಲರು. ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿಗೆ ಸಾಧನದ ಹಿಂದೆ ಒಬ್ಬ ಮನುಷ್ಯ ಇರಲೇಬೇಕು.

ಬಸ್ಸು ಮತ್ತು ದುಡ್ಡು

ಮನೆಯಾಚೆಯ ಕೌಶಲಗಳಲ್ಲಿ ಮೊದಲನೆಯದು ಬಸ್ಸು. ಹಳ್ಳಿಯಿಂದ ಹರಿಹರಕ್ಕೋ ದಾವಣಗೆರೆಗೋ ಹೋಗಲು ಬೋರ್ಡು ಗುರುತಿಸಬೇಕು, ಕೈ ಮಾಡಬೇಕು, ಟಿಕೆಟ್ ತೆಗೆಯಬೇಕು, ತನ್ನ ಸ್ಟಾಪು ಬಂದಾಗ ಇಳಿಯಬೇಕು. ಅಕ್ಷರ ಬಾರದ ಹುಡುಗನಿಗೂ ಬೋರ್ಡಿನ ಫೋಟೊ ತೋರಿಸಿ ತೋರಿಸಿ ಇಡೀ ಹೆಸರನ್ನು ಚಿತ್ರವಾಗಿ ಗುರುತಿಸಲು ಕಲಿಸಬಹುದು. ದಾರಿಯ ಗುರುತುಗಳನ್ನು, ಅಂದರೆ ಸೇತುವೆ, ಗುಡಿ, ಪೆಟ್ರೋಲ್ ಬಂಕು, ಸಾಲಾಗಿ ಫೋನಿನಲ್ಲಿ ಇಟ್ಟು ಮುಂದಿನದು ಯಾವುದೆಂದು ಕೇಳುತ್ತ ಹೋಗಬಹುದು. ಲೊಕೇಷನ್ ಹಂಚಿಕೊಂಡಿದ್ದರೆ ಮನೆಯವರು ಮಗುವನ್ನು ಒಬ್ಬಂಟಿಯಾಗಿ ಕಳಿಸುವ ಧೈರ್ಯ ಮಾಡುತ್ತಾರೆ; ಆ ಧೈರ್ಯವೇ ಆ ಸೌಲಭ್ಯದ ನಿಜವಾದ ಉಪಯೋಗ. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದಮೇಲೆ ಹೆಣ್ಣುಮಕ್ಕಳ ಪಾಠ ಬದಲಾಯಿತು: ದುಡ್ಡು ಎಣಿಸುವುದರ ಬದಲು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದು ಇಳಿಯುವವರೆಗೆ ಜೋಪಾನ ಮಾಡಬೇಕು. ಹಳೆಯ ಪಟ್ಟಿಗಳು ಇಂಥ ಬದಲಾವಣೆಗಳನ್ನು ಕಾಣಲಾರವು. ಪಾಠ ಊರಿನ ಜೊತೆಗೆ ತಿದ್ದಿಕೊಳ್ಳುತ್ತಿರಬೇಕು.

ದುಡ್ಡಿನ ವಿಷಯದಲ್ಲೂ ಹಾಗೆಯೇ. ಯುಪಿಐ ಬಂದು ಚಿಲ್ಲರೆ ಎಣಿಸುವ ಕಷ್ಟ ಇಳಿಯಿತು, ಆದರೆ ದುಡ್ಡು ಖರ್ಚಾಗಿದ್ದು ಕಣ್ಣಿಗೆ ಕಾಣದಂತಾಯಿತು. ಕೈಯಿಂದ ನೋಟು ಹೋಗುವುದು ಮಗುವಿಗೆ ಅರ್ಥವಾಗುತ್ತದೆ, ಪರದೆಯ ಮೇಲಿನ ಅಂಕಿ ಇಳಿದದ್ದು ಅರ್ಥವಾಗುವುದಿಲ್ಲ. ಪಿನ್ ಯಾರಿಗೂ ಹೇಳಬಾರದೆಂಬುದು ಎಲ್ಲರನ್ನೂ ನಂಬುವ ಹುಡುಗನಿಗೆ ಕಲಿಸಲು ಬಹಳ ಕಷ್ಟದ ಪಾಠ. ಮೊದಲು ನೋಟು, ಆಮೇಲೆ ಫೋನು ಎಂಬ ಕ್ರಮವೇ ಸದ್ಯಕ್ಕೆ ಕ್ಷೇಮ.

ಕ್ಯಾಮೆರಾ ಹೋಗಬಾರದ ಕಡೆ

ದಿನಚರಿಯ ಕೌಶಲಗಳಲ್ಲಿ ಅರ್ಧದಷ್ಟು ಬಾಗಿಲು ಹಾಕಿಕೊಂಡು ಮಾಡುವಂಥವು. ಇಲ್ಲಿಯೇ ವಿಡಿಯೊದ ಅಪಾಯವೂ ಇದೆ. ಮಗು ಬಟ್ಟೆ ಬಿಚ್ಚಿದ, ಸ್ನಾನ ಮಾಡುವ, ಶೌಚಕ್ಕೆ ಕೂತ ದೃಶ್ಯವನ್ನು ಪ್ರಗತಿ ತೋರಿಸಲೆಂದು ತೆಗೆಯುವುದಾಗಲಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಾಗಲಿ ಕೂಡದು. ಉದ್ದೇಶ ಒಳ್ಳೆಯದೇ ಇರಬಹುದು, ಹರಿದುಹೋದ ವಿಡಿಯೊ ವಾಪಸು ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಬಿಗಿಯೂ ಇಲ್ಲಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ, ಕಾನೂನುಬದ್ಧ ಪಾಲಕರಿರುವ ಅಂಗವಿಕಲರ ಮಾಹಿತಿಗೆ ಆ ಪಾಲಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಇಂಥ ಪಾಠಗಳಿಗೆ ಗೊಂಬೆ, ರೇಖಾಚಿತ್ರ, ಬಟ್ಟೆ ತೊಟ್ಟ ದೊಡ್ಡವರ ಅಭಿನಯ ಸಾಕು.

ಹೆಣ್ಣುಮಕ್ಕಳ ಮುಟ್ಟಿನ ಪಾಠವಂತೂ ಮುಂದೂಡುತ್ತ ಹೋಗಿ ಕೊನೆಗೆ ಗಾಬರಿಯಲ್ಲಿ ಆರಂಭವಾಗುತ್ತದೆ. ಮೊದಲ ಮುಟ್ಟಿಗೆ ಮುನ್ನವೇ ಗೊಂಬೆಯ ಒಳ ಉಡುಪಿಗೆ ಪ್ಯಾಡ್ ಅಂಟಿಸಿ, ಕೆಂಪು ಬಣ್ಣದ ಒಂದು ಕಲೆ ಮಾಡಿ, ಬದಲಾಯಿಸಿ, ಕಾಗದದಲ್ಲಿ ಸುತ್ತಿ ಎಸೆಯುವವರೆಗೆ ತೋರಿಸಬೇಕು. ಫೋನಿನ ಕ್ಯಾಲೆಂಡರಿನಲ್ಲಿ ದಿನ ಗುರುತಿಟ್ಟು ನೆನಪಿಸುವ ಸದ್ದು ಇಟ್ಟರೆ ಅವ್ವನಿಗೂ ಮಗಳಿಗೂ ಸಿದ್ಧತೆಗೆ ಎರಡು ದಿನ ಸಿಗುತ್ತದೆ. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಪಾಠವೂ ಇದರ ಜೊತೆಗೇ ಬರಬೇಕು. ತನ್ನ ಮೈ ತಾನೇ ತೊಳೆದುಕೊಳ್ಳಲು ಬರುವ ಮಗು ಪರರ ಕೈಗೆ ಅಷ್ಟು ಕಡಿಮೆ ಸಿಗುತ್ತದೆ. ಸ್ವಾವಲಂಬನೆ ಇಲ್ಲಿ ರಕ್ಷಣೆಯೂ ಹೌದು.

ಹೇಳಿಕೊಡುವವರು ಯಾರು

ಕಡರನಾಯಕನಹಳ್ಳಿಯ ಒಂದು ಮನೆಯಿಂದ ಹೊರಟು ವ್ಯವಸ್ಥೆಯ ಕೊಂಡಿಗಳನ್ನು ನೋಡುತ್ತ ಹೋಗೋಣ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಎಷ್ಟೋ ಸಲ ಇವರು ಸ್ವತಃ ಅಂಗವಿಕಲರು. ಶಿಕ್ಷಣ ಇಲಾಖೆಯ ಕಡೆಯಿಂದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವೂ ಇವರ ಪಾಲಿಗೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಜನರ ಬಾಯಲ್ಲಿ ಸಿಆರ್‌ಸಿ, ಇದೆ. ಅದು ಸಿಕಂದರಾಬಾದಿನ ಎನ್‌ಐಇಪಿಐಡಿಯ ಆಡಳಿತದಲ್ಲಿರುವುದರಿಂದ ಬೌದ್ಧಿಕ ಅಂಗವೈಕಲ್ಯದ ಪರಿಣತಿ ಹೊರ ಜಿಲ್ಲೆಗೆ ಹೋಗದೆ ಇಲ್ಲೇ ಸಿಗಬೇಕು. ಸಾಧನಗಳಿಗೆ 1981ರಿಂದ ನಡೆದುಬಂದ ಅಡಿಪ್ ಯೋಜನೆ, ಆರೋಗ್ಯಕ್ಕೆ ರಾಷ್ಟ್ರೀಯ ನ್ಯಾಸದ 1 ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆ ಇವೆ.

ಕಾಗದದ ಮೇಲೆ ಕೊಂಡಿಗಳು ಕಡಿಮೆಯಿಲ್ಲ. ಕೊರತೆ ಇರುವುದು ಅವುಗಳ ನಡುವೆ. ಪಂಚಾಯಿತಿಯ ಕಾರ್ಯಕರ್ತರ ದಿನ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಬಸ್ ಪಾಸಿನ ಅರ್ಜಿಗಳಲ್ಲಿ ಕಳೆಯುತ್ತದೆ. ಸಂಪನ್ಮೂಲ ಶಿಕ್ಷಕರ ಮುಂದೆ ಇಡೀ ತಾಲ್ಲೂಕಿದೆ. ಶಿಬಿರದಲ್ಲಿ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಕೊಟ್ಟ ಮೇಲೆ ಅದನ್ನು ಬಳಸಲು ಹೇಳಿಕೊಡುವವರು ಮನೆಗೆ ಬರುವುದು ಅಪರೂಪ. 2020ರ ಲಾಕ್‌ಡೌನಿನಲ್ಲಿ ಶಾಲೆಗಳು ಮುಚ್ಚಿದಾಗ ವಿಶೇಷ ಶಿಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ಪಾಠ ಕಳಿಸಿದರು, ತಾಯಂದಿರು ಮನೆಯಲ್ಲಿ ಮಾಡಿಸಿ ವಿಡಿಯೊ ವಾಪಸು ಕಳಿಸಿದರು. ಶಾಲೆ ತೆರೆದ ಮೇಲೆ ಆ ರೂಢಿಯನ್ನು ನಿಲ್ಲಿಸಬಾರದಿತ್ತು. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ನಮ್ಮ ವಾಣಿ ಎಂಬ ದೂರವಾಣಿ ಸೇವೆಯಲ್ಲಿ ತೋರಿಸಿದಂತೆ, ಸ್ಮಾರ್ಟ್‌ಫೋನೇ ಇಲ್ಲದವರೂ ಮಿಸ್ಡ್ ಕಾಲ್ ಕೊಟ್ಟು ಅಂಗವಿಕಲರ ಅನುಭವ, ಮಾಹಿತಿ ಕೇಳಬಹುದು, ತಮ್ಮದನ್ನೂ ಹೇಳಬಹುದು. ಹಳೆಯ ಕೀಲಿಮಣೆಯ ಫೋನೂ ತಂತ್ರಜ್ಞಾನವೇ.

ಬೇಕಾದ್ದು ದೊಡ್ಡ ಖರ್ಚಿನ ಯೋಜನೆಯಲ್ಲ. ಸಿಆರ್‌ಸಿಯ ಪರಿಣತರು ಪಂಚಾಯಿತಿ ಕಾರ್ಯಕರ್ತರಿಗೆ ಕೆಲಸ ಬಿಡಿಸುವುದು, ಕೈಗಳ ವಿಡಿಯೊ ತೆಗೆಯುವುದು, ಸುಳಿವು ಕಳೆಯುವುದು ಈ ಮೂರನ್ನು ಕಲಿಸಲಿ. ಅವರು ಪ್ರತಿ ಮಗುವಿಗೂ ಒಂದು ಅವಧಿಗೆ ಒಂದೇ ಕೌಶಲ ಆರಿಸಲಿ. ಯಾವುದನ್ನು ಆರಿಸಬೇಕೆಂದು ಮಗು ಹೇಳಬಲ್ಲುದಾದರೆ ಮಗುವೇ, ಇಲ್ಲವಾದರೆ ಅದನ್ನು ದಿನವೂ ಮಾಡಿಕೊಡುವ ಕೈಗಳೇ ಹೇಳಲಿ. ಬಹಳ ಕಡೆ ಆ ಕೈ ಅವ್ವನದು ಮಾತ್ರ. ಅಪ್ಪ, ಅಣ್ಣಂದಿರೂ ವಿಡಿಯೊದಲ್ಲಿ ಕೈ ಕೊಟ್ಟರೆ ಗಂಡುಮಗನ ಸ್ನಾನದ ಪಾಠ ಅವ್ವನಿಗೆ ಮುಜುಗರವಾಗುವ ವಯಸ್ಸಿಗೆ ಮುನ್ನವೇ ಕೈ ಬದಲಾಗುತ್ತದೆ. ಇಲಾಖೆಗಳ ವರದಿಯಲ್ಲಿ ಹಂಚಿದ ಟ್ಯಾಬ್ಲೆಟ್‌ಗಳ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ಈ ವರ್ಷ ಎಷ್ಟು ಮಕ್ಕಳು ಯಾವ ಕೆಲಸವನ್ನು, ಫೋನಿನ ನೆರವೂ ಇಲ್ಲದೆ, ತಾವೇ ಮಾಡಿಕೊಳ್ಳತೊಡಗಿದರು? ಆ ಅಂಕಣ ಖಾಲಿ ಇದ್ದರೆ ಮೊದಲನೆಯದಕ್ಕೆ ಅರ್ಥವಿಲ್ಲ.